ದ್ರಾಕ್ಷಾರಸದ ಜಗತ್ತಿನಲ್ಲಿ ಹೊಸ ನಾಡುಗಳು

ಬೀದರ, ಕಲಬುರಗಿಗಳ ಕಡೆಯಿಂದ ಮುಂಬಯಿ ಹೆದ್ದಾರಿಯನ್ನು ಹಿಡಿದು ಹೈದರಾಬಾದನ್ನು ಹೊಗುವವರಿಗೆ ಎದುರಾಗುವ ಮಿಯಾಪುರವು ಇಂದು ಮೆಟ್ರೋ ರೈಲಿನ ಕೊನೆಯ ನಿಲ್ದಾಣವೆಂದೂ ಬಹುಮಹಡಿ ವಸತಿಗಳ ಬಡಾವಣೆಯೆಂದೂ ಪರಿಚಿತವಾಗಿದೆ. ಅದು ಸೇರಿರುವ ರಂಗಾರೆಡ್ಡಿ ಜಿಲ್ಲೆಯು ಕೆಲವೇ ದಶಕಗಳ ಹಿಂದೆ ದ್ರಾಕ್ಷಿ ತೋಟಗಳಿಗೆ ಹೆಸರಾಗಿತ್ತೆಂಬುದನ್ನು, ಇಲ್ಲಿಗೆ ಹೊಸದಾಗಿ ಬಂದು ನೆಲೆಸಿದ ಕನ್ನಡಿಗರಲ್ಲಿ ಬಲ್ಲವರು ವಿರಳ. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಹೈದರಾಬಾದಿನ ಅಬ್ದುಲ್ ಬಾಕರ್ ಖಾನ್ ಎಂಬವರು ನೆಲೆಗೊಳಿಸಿದ 'ಅನಾಬ್-ಎ-ಶಾಹಿ', ಎಂದರೆ ರಾಜದ್ರಾಕ್ಷಿ, ಇಲ್ಲಿಂದ ದಕ್ಷಿಣ ಭಾರತದ ಹಲವೆಡೆಗೆ ಹಬ್ಬಿತು. ಚೆನ್ನಾಗಿ ಸಾಕಿದ ತೋಟದಲ್ಲಿ ಹೆಕ್ಟೇರಿಗೆ 35 ಟನ್ನಿಗೂ ಮಿಕ್ಕ ಇಳುವರಿಯನ್ನು ಕೊಡುತ್ತಿದ್ದ ತಳಿಯದು. ಮುಂದೆ ನೀರು ಪಾತಾಳಕ್ಕಿಳಿಯಿತು, ನಿವೇಶನಗಳ ಬೆಲೆ ಆಕಾಶಕ್ಕೇರಿತು, ತೋಟಗಳು ಅಳಿದವು.

ಇಷ್ಟೊಂದು ದ್ರಾಕ್ಷಿ ಬೆಳೆದ ನೆಲದಲ್ಲಿ ದ್ರಾಕ್ಷಾರಸದ, ಅಂದರೆ ವೈನಿನ, ಉದ್ಯಮವೇಕೆ ಬೇರೂರಲಿಲ್ಲವೆಂಬ ಪ್ರಶ್ನೆ ಸಹಜವಾದುದು. ಉತ್ತರವು ಹಣ್ಣಿನಲ್ಲಿಯೇ ಇದೆ. ತಿನ್ನುವ ದ್ರಾಕ್ಷಿ ಬೇರೆ, ವೈನಿನ ದ್ರಾಕ್ಷಿ ಬೇರೆ. ಅನಾಬ್-ಎ-ಶಾಹಿಯ ಹಣ್ಣು ದಪ್ಪ, ರಸ ಹೆಚ್ಚು. ಸಕ್ಕರೆಯ ಅಂಶ ಮಾತ್ರ ಶೇಕಡಾ 14-16. ಉತ್ತಮ ವೈನಿಗೆ ಬೇಕಾದ ಹಣ್ಣು ಚಿಕ್ಕದು, ದಪ್ಪ ಸಿಪ್ಪೆಯದು, ಬೀಜವುಳ್ಳದ್ದು. ಅದರ ಸಕ್ಕರೆ ಶೇಕಡಾ 21ನ್ನು ದಾಟಿರಬೇಕು. ಅಂಥ ಹಣ್ಣು ಬೇಕೆಂದರೆ ಬೆಳೆಗಾರನು ಇಳುವರಿಯನ್ನು ತಾನಾಗಿಯೇ ಮೊಟಕುಗೊಳಿಸಿಕೊಳ್ಳಬೇಕು. ಟನ್ನುಗಳ ಲೆಕ್ಕದಲ್ಲಿ ಬದುಕುವ ರೈತನಿಗೆ ಇದು ಸುಲಭವಾಗಿ ಒಪ್ಪಿಗೆಯಾಗುವ ಮಾತಲ್ಲ. ಕಡಮೆ ಬೆಳೆದು ಹೆಚ್ಚಿನ ಬೆಲೆಯನ್ನು ಪಡೆಯಬೇಕಾದರೆ ಕೊಳ್ಳುವವನು ಆ ಊರಿನ ಹೆಸರಿಗೆ ಬೆಲೆ ಕೊಡಬೇಕು. ಫ್ರಾನ್ಸ್, ಇಟಲಿಗಳು ಶತಮಾನಗಳಿಂದ ಗಳಿಸಿರುವುದು ಆ ಹೆಸರನ್ನೇ.

ಹೊಸದಾಗಿ ಈ ಕ್ಷೇತ್ರವನ್ನು ಹೊಕ್ಕ ನಾಡುಗಳು ಮೊದಲು ಹಿಡಿಯುವ ದಾರಿ ಅಗ್ಗದ ಬೆಲೆಯದು. ಆದರೆ ಅಗ್ಗದವನನ್ನು ಮೀರಿಸುವ ಇನ್ನೊಬ್ಬ ಅಗ್ಗದವನು ನಾಳೆ ಹುಟ್ಟಿಕೊಳ್ಳುತ್ತಾನೆ. ಹಳೆಯ ನಾಡುಗಳದೇ ಮೇಲುಗೈ ಎಂಬ ನಂಬಿಕೆಯು ಮೊದಲು ಅಲುಗಿದ್ದು 1976ರ ಮೇ 24ರಂದು; ಅಂದು ಪ್ಯಾರಿಸಿನಲ್ಲಿ ಹೆಸರನ್ನು ಮರೆಮಾಡಿ ನಡೆಸಿದ ರುಚಿಪರೀಕ್ಷೆಯಲ್ಲಿ ಫ್ರೆಂಚ್ ತೀರ್ಪುಗಾರರೇ ಕ್ಯಾಲಿಫೋರ್ನಿಯದ ವೈನುಗಳಿಗೆ ಅಗ್ರಸ್ಥಾನವನ್ನಿತ್ತರು. ಅಮೆರಿಕವು ಸಿರಿವಂತ ದೇಶ, ಅದರ ಮಾತು ಬೇರೆ ಎನ್ನಬಹುದು. ನಮಗೆ ಹೆಚ್ಚು ಹತ್ತಿರವಾದುದು ಚಿಲಿಯ ವೃತ್ತಾಂತ.

ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಕಾರ್ಮೆನೇರ್ ಎಂಬ ಕೆಂಪು ದ್ರಾಕ್ಷಿಯ ತಳಿಯೊಂದಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸೆರ ಎಂಬ ಸೂಕ್ಷ್ಮ ಕೀಟವು ಬೇರುಗಳನ್ನು ತಿಂದು ಯುರೋಪಿನ ತೋಟಗಳನ್ನು ಹಾಳುಗೆಡವಿದಾಗ, ಆ ತಳಿಯೂ ಅಲ್ಲಿಂದ ಬಹುಮಟ್ಟಿಗೆ ಕಣ್ಮರೆಯಾಯಿತು. ಅದಕ್ಕೆ ಮೊದಲೇ ಕೆಲವು ಕಡ್ಡಿಗಳು ಚಿಲಿಗೆ ಹೋಗಿದ್ದವು. ಆಂಡೀಸ್ ಪರ್ವತ, ಮರುಭೂಮಿ, ಸಾಗರಗಳ ನಡುವಣ ಆ ದೇಶವನ್ನು ಫಿಲಾಕ್ಸೆರ ಇಂದಿಗೂ ಆಕ್ರಮಿಸಿಲ್ಲ. ಚಿಲಿಯ ರೈತರಾದರೋ ಅದನ್ನು ಮೆರ್ಲೋ ಎಂಬ ಮತ್ತೊಂದು ತಳಿಯೆಂದೇ ತಿಳಿದು, ಆ ಹೆಸರಿನಲ್ಲಿಯೇ ಮಾರುತ್ತಿದ್ದರು. 1994ರಲ್ಲಿ ಫ್ರೆಂಚ್ ಸಸ್ಯತಜ್ಞ ಝಾಂ ಮಿಶೆಲ್ ಬೂರ್ಸಿಕೋ ಅಲ್ಲಿಯ ಬಳ್ಳಿಗಳನ್ನು ಪರೀಕ್ಷಿಸಿ, ಇದು ಕಾರ್ಮೆನೇರ್ ಎಂದು ಗುರುತಿಸಿದರು. ಪರರ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ವಸ್ತುವು ಚಿಲಿಯ ಸ್ವಂತ ಗುರುತಾಯಿತು. ಅರ್ಜೆಂಟೀನ 1853ರಲ್ಲಿ ಫ್ರಾನ್ಸಿನಿಂದ ತರಿಸಿಕೊಂಡ ಮಾಲ್ಬೆಕ್ ತಳಿಯನ್ನು ಮೆಂಡೋಜದ ಎತ್ತರದ ಬಯಲುಗಳಲ್ಲಿ ಬೆಳೆಸಿ ತನ್ನದಾಗಿಸಿಕೊಂಡಿತು. ದಕ್ಷಿಣ ಆಫ್ರಿಕವಂತೂ 1925ರಲ್ಲಿ ಅಬ್ರಹಾಂ ಪೆರೋಲ್ಡರು ಎರಡು ತಳಿಗಳನ್ನು ಸಂಕರಗೊಳಿಸಿದ್ದರಿಂದ ಹುಟ್ಟಿದ ಪಿನೋಟಾಜನ್ನು ತನ್ನ ಮುದ್ರೆಯಾಗಿಸಿಕೊಂಡಿದೆ.

ಸ್ವಂತ ತಳಿಯೊಂದಿದ್ದರೆ ಸಾಲದು, ಕೊಳ್ಳುವವರು ಹಲವರಿರಬೇಕೆಂಬುದನ್ನು ಜಾರ್ಜಿಯ ಕಷ್ಟದಿಂದ ಕಲಿಯಿತು. ಎಂಟು ಸಾವಿರ ವರ್ಷಗಳ ಹಿಂದೆಯೇ ದ್ರಾಕ್ಷಾರಸವನ್ನು ತಯಾರಿಸಿದ ಕುರುಹುಗಳುಳ್ಳ ಆ ನಾಡು ತನ್ನ ರಫ್ತಿನ ಬಹುಪಾಲಿಗೆ ರಷ್ಯವನ್ನೇ ನಂಬಿತ್ತು. 2006ರಲ್ಲಿ ರಷ್ಯ ಆಮದನ್ನು ನಿಷೇಧಿಸಿತು. ಏಳು ವರ್ಷಗಳ ಆ ದಿಗ್ಬಂಧನದಲ್ಲಿ ಜಾರ್ಜಿಯ ಗುಣಮಟ್ಟವನ್ನು ತಿದ್ದಿಕೊಂಡಿತು, ಬೇರೆ ಗಿರಾಕಿಗಳನ್ನು ಅರಸಿತು, ನೆಲದಲ್ಲಿ ಹೂತ ಮಣ್ಣಿನ ಗುಡಾಣಗಳಲ್ಲಿ ರಸವನ್ನು ಹುದುಗಿಸುವ ತನ್ನ ಪ್ರಾಚೀನ ಕ್ರಮವನ್ನು ಲೋಕದ ಮುಂದಿಟ್ಟಿತು. 2013ರಲ್ಲಿ ಯುನೆಸ್ಕೋ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ನಿಷೇಧವು ತೆರವಾದ ಮೇಲೆ ರಷ್ಯವೇ ಮತ್ತೆ ಅದರ ಅತಿ ದೊಡ್ಡ ಗಿರಾಕಿಯಾದುದು ವಿಪರ್ಯಾಸ.

ಕರ್ನಾಟಕದ ಕೈಯಲ್ಲಿರುವ ಸ್ವಂತ ತಳಿ ಯಾವುದು? ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರಗಳ ಕಡು ನೀಲಿಯ 'ಬೆಂಗಳೂರು ನೀಲಿ' ದ್ರಾಕ್ಷಿಯೆಂದು ಯಾರಾದರೂ ಹೇಳಿಯಾರು. ವರ್ಷಕ್ಕೆರಡು ಬೆಳೆ ಕೊಡುವ, ಮಳೆಯನ್ನೂ ರೋಗವನ್ನೂ ತಾಳಿಕೊಳ್ಳುವ ಈ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ತೊಡಕು ಬೇರೆಡೆ ಇದೆ. ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಇದು ಅಮೆರಿಕ ಮೂಲದ ಇಸಬೆಲ್ಲ ಎಂಬ ತಳಿ. ಅದರ ಘಾಟು ಪರಿಮಳವನ್ನು ಒಲ್ಲದ ಫ್ರಾನ್ಸ್ 1934ರಲ್ಲಿಯೇ ಅದನ್ನು ಬಹಿಷ್ಕರಿಸಿತು. ಯುರೋಪಿನ ಒಕ್ಕೂಟದ ಕಾನೂನೂ ಅದರಿಂದ ವೈನ್ ತಯಾರಿಸಲು ಎಡೆಗೊಡುವುದಿಲ್ಲ. ನಮ್ಮ ನೆಲಕ್ಕೆ ಅತ್ಯಂತ ಒಗ್ಗಿದ ದ್ರಾಕ್ಷಿಗೇ ಯುರೋಪಿನ ಮಾರುಕಟ್ಟೆ ಬಾಗಿಲು ಹಾಕಿದೆ. ನಿಯಮಗಳನ್ನು ಮೊದಲು ಬರೆದವರಿಗೆ ಸ್ಪರ್ಧೆಯಲ್ಲಿ ಅರ್ಧ ಗೆಲುವು ಆಗಲೇ ಸಿಕ್ಕಿರುತ್ತದೆ!

ಹೀಗಾಗಿ ಕರ್ನಾಟಕದ ಗಂಭೀರ ಪ್ರಯತ್ನಗಳೆಲ್ಲ ಫ್ರೆಂಚ್ ತಳಿಗಳ ಮೇಲೆಯೇ ನಡೆದವು. ಮುಂಬಯಿಯ ಉದ್ಯಮಿ ಕನ್ವಲ್ ಗ್ರೋವರರು ಶಾಂಪೇನ್ ಸೀಮೆಯ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ 1988ರಲ್ಲಿ ದೊಡ್ಡಬಳ್ಳಾಪುರದ ಬಳಿ, ನಂದಿ ಬೆಟ್ಟದ ತಪ್ಪಲಿನಲ್ಲಿ ಸಂಸ್ಥೆಯನ್ನು ಸ್ಥಾಪಿಸಿದರು. ಯುರೋಪಿನಲ್ಲಿ ಚಳಿಗಾಲವು ಬಳ್ಳಿಯನ್ನು ಮಲಗಿಸುತ್ತದೆ. ನಮ್ಮಲ್ಲಿ ಅದು ಮಲಗುವುದೇ ಇಲ್ಲ. ಆದುದರಿಂದ ಬೇಸಗೆಯ ಮೊದಲಲ್ಲಿ ಒಮ್ಮೆ, ಮಳೆಗಾಲದ ಕೊನೆಗೆ ಇನ್ನೊಮ್ಮೆ ಬಳ್ಳಿಯನ್ನು ಸವರಿ, ಹಣ್ಣು ಒಣಹವೆಯ ದಿನಗಳಲ್ಲಿ ಮಾಗುವಂತೆ ನೋಡಿಕೊಳ್ಳಬೇಕು. ವಿಜಯಪುರದ ಒಣದ್ರಾಕ್ಷಿ ಬೆಳೆಗಾರರು ಚಾಟ್ನಿ ಎಂದು ಕರೆಯುವ ವಿದ್ಯೆಯೇ ಇದು. ವಿದೇಶಿ ತಜ್ಞರು ಇಲ್ಲಿಯ ರೈತರಿಂದ ಕಲಿಯಬೇಕಾದ ಪಾಠವೂ ಉಂಟೆಂಬುದು ಸಂತೋಷದ ಸಂಗತಿ.

2007ರಲ್ಲಿ ಕರ್ನಾಟಕ ಸರ್ಕಾರವು ವೈನ್ ನೀತಿಯನ್ನು ಪ್ರಕಟಿಸಿ, ಅದಕ್ಕಾಗಿ ಮಂಡಳಿಯೊಂದನ್ನು ರಚಿಸಿತು. ನಂದಿ, ಕೃಷ್ಣಾ ಕಣಿವೆಗಳ ಜೊತೆಗೆ ಹಂಪಿಯ ಬೆಟ್ಟಸೀಮೆಯ ಹೆಸರೂ ಸೀಸೆಗಳ ಮೇಲೆ ಕಾಣಿಸಿಕೊಂಡಿತು. ಕೊಪ್ಪಳ ಜಿಲ್ಲೆಯ ಆ ಸೀಮೆಯಲ್ಲಿ 'ಕೃಷ್ಮ' ಎಂಬ ತೋಟವನ್ನು ಕಟ್ಟಿದವರು ಹೈದರಾಬಾದಿನ ಔಷಧೋದ್ಯಮಿ ಕೃಷ್ಣಪ್ರಸಾದ್ ಚಿಗುರುಪಾಟಿ ಮತ್ತು ಅವರ ಪತ್ನಿ ಉಮಾ. ರಂಗಾರೆಡ್ಡಿಯಲ್ಲಿ ಅಳಿದ ದ್ರಾಕ್ಷಿಯು ಹೀಗೆ ಹೈದರಾಬಾದಿನವರ ಕೈಯಿಂದಲೇ ಕನ್ನಡ ನೆಲದಲ್ಲಿ ಬೇರೊಂದು ರೂಪದಿಂದ ಚಿಗುರಿದೆ ಎನ್ನಬಹುದು.

ಆದರೆ ಕೊಪ್ಪಳದ ಸೀಸೆಯು ಮಿಯಾಪುರಕ್ಕೆ ಬರುವ ದಾರಿ ಸುಗಮವಲ್ಲ. ಮದ್ಯವು ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಗೆ ಸೇರಿದ ವಿಷಯ. ಪ್ರತಿಯೊಂದು ರಾಜ್ಯಕ್ಕೂ ಅದರದೇ ಸುಂಕ, ಅದರದೇ ನೋಂದಣಿ, ಅದರದೇ ಚೀಟಿ. ತೆಲಂಗಾಣದಲ್ಲಂತೂ ಸಗಟು ವ್ಯಾಪಾರವೆಲ್ಲ ಸರ್ಕಾರದ ನಿಗಮದ ಕೈಯಲ್ಲಿದೆ. ಚಿಲಿಯ ಉತ್ಪಾದಕನಿಗೆ ಸ್ವದೇಶವೆಲ್ಲ ಒಂದೇ ಅಂಗಡಿ. ಭಾರತದ ಉತ್ಪಾದಕನಿಗೆ ನೆರೆಯ ರಾಜ್ಯವೂ ಪರದೇಶ. ಮನೆಯ ಮಾರುಕಟ್ಟೆ ಗಟ್ಟಿಯಾಗುವ ಮೊದಲೇ ಹೊರಗೆ ಹಾರಿದರೆ ಏನಾದೀತೆಂಬುದಕ್ಕೆ ಮಹಾರಾಷ್ಟ್ರದ ನಾರಾಯಣಗಾಂವದ ಇಂಡೇಜ್ ಸಂಸ್ಥೆ ನಿದರ್ಶನ: ಬ್ರಿಟನ್, ಆಸ್ಟ್ರೇಲಿಯಗಳಲ್ಲಿ ಉದ್ಯಮಗಳನ್ನು ಕೊಂಡು, 2008ರ ಆರ್ಥಿಕ ಕುಸಿತದ ತರುವಾಯ ಸಾಲದ ಭಾರದಲ್ಲಿ ಮುಳುಗಿತು.

ಇನ್ನು ಆರೋಗ್ಯದ ಮಾತು. 1991ರ ನವೆಂಬರಿನಲ್ಲಿ ಅಮೆರಿಕದ ದೂರದರ್ಶನ ಕಾರ್ಯಕ್ರಮವೊಂದು, ಕೊಬ್ಬಿನ ಆಹಾರವನ್ನು ಯಥೇಚ್ಛವಾಗಿ ತಿನ್ನುವ ಫ್ರೆಂಚರಲ್ಲಿ ಹೃದ್ರೋಗ ಕಡಮೆಯಿರುವುದಕ್ಕೆ ಕೆಂಪು ವೈನು ಕಾರಣವಿರಬಹುದೆಂದು ಸಾರಿತು. ಮಾರಾಟ ಒಮ್ಮೆಲೇ ಏರಿತು. ಹೊಸ ನಾಡುಗಳ ವ್ಯಾಪಾರಿಗಳೂ ಆ ಮಾತನ್ನು ಜಾಹೀರಾತಾಗಿ ಬಳಸಿಕೊಂಡರು. ವಿಜ್ಞಾನವು ಆ ಭರವಸೆಯನ್ನು ಉಳಿಸಿಲ್ಲ. ದ್ರಾಕ್ಷಿಯ ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್ ವೈನಿನಲ್ಲಿ ದೊರೆಯುವುದು ಅತ್ಯಲ್ಪ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 1988ರಲ್ಲಿಯೇ ಮದ್ಯಪಾನವನ್ನು ಕ್ಯಾನ್ಸರ್‌ಕಾರಕಗಳ ಮೊದಲನೆಯ ವರ್ಗದಲ್ಲಿರಿಸಿತು. ಯಾವ ಪ್ರಮಾಣದ ಮದ್ಯವೂ ಆರೋಗ್ಯಕ್ಕೆ ನಿರಪಾಯವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಆಯುರ್ವೇದದ ದ್ರಾಕ್ಷಾರಿಷ್ಟವನ್ನು ಸಾಕ್ಷಿಗೆ ಕರೆಯುವವರು, ಅದು ಚಮಚೆಯ ಅಳತೆಯಲ್ಲಿ ಕೊಡುವ ಔಷಧವೆಂಬುದನ್ನು ಮರೆಯುತ್ತಾರೆ. ಔಷಧವೆಂದು ವೈನನ್ನು ಕುಡಿಯತೊಡಗುವುದಕ್ಕೆ ಯಾವ ಆಧಾರವೂ ಇಲ್ಲ. ಹಣ್ಣನ್ನೇ ತಿಂದರೆ ದ್ರಾಕ್ಷಿಯ ಗುಣವೆಲ್ಲ ಅಮಲಿಲ್ಲದೆ ದೊರೆಯುತ್ತದೆ. 2022ರ ಜನವರಿಯಲ್ಲಿ ದೊಡ್ಡ ದಿನಸಿ ಮಳಿಗೆಗಳಲ್ಲಿ ವೈನ್ ಮಾರಲು ಮಹಾರಾಷ್ಟ್ರದ ಮಂತ್ರಿಮಂಡಲ ಒಪ್ಪಿದಾಗ, ರೈತರ ಹಿತಕ್ಕಾಗಿ ಎಂದು ಸರ್ಕಾರವೂ ಕುಟುಂಬಗಳ ಅಹಿತಕ್ಕೆ ಎಂದು ವಿರೋಧಿಗಳೂ ವಾದಿಸಿದರು. ಕಡೆಗೆ ಅದು ಜಾರಿಗೆ ಬರಲಿಲ್ಲ. ಎರಡು ವಾದಗಳಲ್ಲಿಯೂ ನಿಜವಿತ್ತೆಂಬುದೇ ತೊಡಕು.

ಈ ನಡುವೆ ಹೊರಗಿನವರಿಗೆ ಬಾಗಿಲು ತೆರೆಯುತ್ತಿದೆ. ಆಮದಾಗುವ ವೈನಿನ ಮೇಲೆ ಬಹುಕಾಲ ಶೇಕಡಾ 150ರ ಸುಂಕದ ಗೋಡೆಯಿತ್ತು. 2022ರ ಡಿಸೆಂಬರ್ 29ರಂದು ಜಾರಿಗೆ ಬಂದ ಆಸ್ಟ್ರೇಲಿಯದೊಡನೆಯ ಒಪ್ಪಂದದಂತೆ, ಸೀಸೆಗೆ 5 ಡಾಲರಿಗೆ ಮೇಲ್ಪಟ್ಟ ವೈನಿನ ಸುಂಕವು ಒಡನೆಯೇ 100ಕ್ಕಿಳಿದು ಹತ್ತು ವರ್ಷಗಳಲ್ಲಿ 50ಕ್ಕೂ, 15 ಡಾಲರಿಗೆ ಮೇಲ್ಪಟ್ಟುದರ ಸುಂಕವು 75ರಿಂದ 25ಕ್ಕೂ ಇಳಿಯತಕ್ಕದ್ದು. ಅಗ್ಗದ ವೈನಿಗೆ ಮಾತ್ರ ಈ ಒಪ್ಪಂದದಲ್ಲಿ ರಿಯಾಯಿತಿಯಿಲ್ಲ. ಅಂದರೆ ಪೈಪೋಟಿಯು ಮೊದಲು ತಟ್ಟುವುದು ನಂದಿ, ಹಂಪಿಗಳ ಉತ್ತಮ ದರ್ಜೆಯ ಸೀಸೆಗಳಿಗೇ. ನೆಟ್ಟ ಬಳ್ಳಿ ಫಲ ಕೊಡಲು ಮೂರು ವರ್ಷ ಬೇಕು, ಅದರ ಹಣ್ಣಿಗೆ ಗಾಂಭೀರ್ಯ ಬರಲು ಮತ್ತಷ್ಟು ವರ್ಷ ಬೇಕು. ಚಿಕ್ಕಬಳ್ಳಾಪುರದ ರೈತನೊಬ್ಬನು ಬೆಂಗಳೂರು ನೀಲಿಯನ್ನು ಕಿತ್ತು ಫ್ರೆಂಚ್ ತಳಿಯನ್ನು ಈಗ ನೆಟ್ಟರೆ, ಆ ಬಳ್ಳಿಯು ಪ್ರಾಯಕ್ಕೆ ಬರುವ ಹೊತ್ತಿಗೆ ಆಸ್ಟ್ರೇಲಿಯದ ಸೀಸೆಯ ಸುಂಕವು ತನ್ನ ಕೊನೆಯ ಮೆಟ್ಟಿಲಿನ ಸಮೀಪದಲ್ಲಿರುತ್ತದೆ.