ಪುಕ್ಕಟೆ ಕೊಟ್ಟರೂ ಬೇಡವಾದ ವೆಬ್‌ಸೈಟು

ನಾಲ್ಕೈದು ಅಡಿ ಚೌಕದ ಕ್ಯಾನ್ವಾಸನ್ನು ಮರದ ಚೌಕಟ್ಟಿನ ಮೇಲೆ ಎಳೆದು ಬಿಗಿಯುವುದು ಸುಲಭಕ್ಕೆ ಬಗ್ಗುವ ಕೆಲಸವಲ್ಲ. 1994ರ ಕೊನೆಯ ಒಂದು ದಿನ ನ್ಯೂಯಾರ್ಕಿನಲ್ಲಿ ಪಾಲ್ ಗ್ರಹಾಂ ಆ ಕೆಲಸದಲ್ಲಿ ಮುಳುಗಿದ್ದ. ಕ್ಯಾನ್ವಾಸು ಹಿರಿಯ ಚಿತ್ರಕಲಾವಿದೆ ಇಡೆಲ್ ವೆಬರ್ ಅವರದ್ದು. ಹಾರ್ವರ್ಡಿನಲ್ಲಿ ಕಂಪ್ಯೂಟರ್ ವಿಜ್ಞಾನದ ಡಾಕ್ಟರೇಟು ಪಡೆದು, ಆಮೇಲೆ ಫ್ಲಾರೆನ್ಸಿಗೆ ಹೋಗಿ ಚಿತ್ರಕಲೆಯ ಬೆನ್ನು ಹತ್ತಿದ್ದ ಗ್ರಹಾಂ ಆಗ ಅವರಿಗೆ ಸಹಾಯಕನಂತಿದ್ದ. ಕೈಯಲ್ಲಿ ಕಾಸಿಗೆ ಬರ. ರೇಡಿಯೋದಲ್ಲಿ ಯಾರೋ ಹೆಸರಾಂತ ಫಂಡ್ ಮ್ಯಾನೇಜರನ ಸುದ್ದಿ ಬರುತ್ತಿತ್ತು. ವಯಸ್ಸಿನಲ್ಲಿ ಅವನು ತನಗಿಂತ ಬಹಳ ದೊಡ್ಡವನೇನಲ್ಲ, ದುಡ್ಡಿನಲ್ಲಿ ಮಾತ್ರ ಕುಬೇರ. ತಾನೂ ಒಮ್ಮೆ ಕೈತುಂಬ ಸಂಪಾದಿಸಿಬಿಟ್ಟರೆ ಉಳಿದ ಆಯುಷ್ಯವನ್ನು ಇಷ್ಟಬಂದ ಕೆಲಸಕ್ಕೆ ಕೊಡಬಹುದಲ್ಲ ಎಂಬ ಯೋಚನೆ ಗ್ರಹಾಂ ತಲೆ ಹೊಕ್ಕಿತು.

ಅವನ ಸ್ನೇಹಿತ ರಾಬರ್ಟ್ ಮಾರಿಸ್ ಹಾರ್ವರ್ಡಿನಲ್ಲಿ ಸಂಶೋಧನಾ ವಿದ್ಯಾರ್ಥಿ. ಆದರೆ ಕಂಪ್ಯೂಟರ್ ಲೋಕಕ್ಕೆ ಅವನ ಹೆಸರು ಬೇರೊಂದು ಕಾರಣಕ್ಕೆ ಚೆನ್ನಾಗಿ ಗೊತ್ತಿತ್ತು. 1988ರ ನವೆಂಬರಿನಲ್ಲಿ ಅವನು ಬಿಟ್ಟ ಪುಟ್ಟ ಪ್ರೋಗ್ರಾಮೊಂದು ಅವನ ಅಂದಾಜನ್ನೂ ಮೀರಿ ಹಬ್ಬಿ, ಆಗಿನ ಇಂಟರ್ನೆಟ್ಟಿನ ಸಾವಿರಾರು ಯಂತ್ರಗಳನ್ನು ಕೆಲಸಕ್ಕೆ ಬಾರದಂತೆ ಮಾಡಿತ್ತು. ಕೋರ್ಟು ಅವನಿಗೆ ಮೂರು ವರ್ಷದ ಪ್ರೊಬೇಷನ್, 400 ಗಂಟೆಗಳ ಸಮಾಜಸೇವೆ, 10,050 ಡಾಲರ್ ದಂಡ ವಿಧಿಸಿತ್ತು. ಗ್ರಹಾಂಗೆ ವರ್ಲ್ಡ್ ವೈಡ್ ವೆಬ್ಬನ್ನು ಮೊದಲು ತೋರಿಸಿದವನು ಈ ಮಾರಿಸನೇ. ಇದು ಮುಂದೆ ಬಹಳ ದೊಡ್ಡದಾಗುತ್ತದೆ ಎಂದು ಗ್ರಹಾಂಗೆ ನೋಡಿದ ಕೂಡಲೇ ಅನ್ನಿಸಿತು, ಅನ್ನಿಸಿದ್ದು ಸರಿಯೂ ಆಗಿತ್ತು. ಅದರ ಬೆನ್ನಿಗೇ ಹೊಳೆದ ವ್ಯಾಪಾರದ ಉಪಾಯ ಮಾತ್ರ ಶುದ್ಧ ಎಡವಟ್ಟು: ಆರ್ಟ್ ಗ್ಯಾಲರಿಗಳಿಗೆ ವೆಬ್‌ಸೈಟು ಮಾಡಿಕೊಡುವುದು!

ಕಂಪನಿಗೆ ಆರ್ಟಿಕ್ಸ್ ಎಂದು ಹೆಸರಾಯಿತು. ಚಿತ್ರಗಳನ್ನೂ ವಿವರಗಳನ್ನೂ ಕೊಟ್ಟರೆ ಇಡೀ ಸೈಟಿನ ಪುಟಗಳನ್ನು ತಾನೇ ಹೆಣೆದುಕೊಡುವ ಪ್ರೋಗ್ರಾಮನ್ನು ಗ್ರಹಾಂ ಬರೆದ. ಚಿತ್ರಗಳನ್ನು ಬೇಕಾದ ಅಳತೆಗೆ ಇಳಿಸುವ ಕೆಲಸವನ್ನೂ ಸರ್ವರಿನ ಉಸ್ತುವಾರಿಯನ್ನೂ ಮಾರಿಸ್ ವಹಿಸಿಕೊಂಡ. ಸರಕು ಸಿದ್ಧವಾಯಿತು, ಇನ್ನು ಕೊಳ್ಳುವವರು ಬೇಕು. ಇಬ್ಬರೂ ಗ್ಯಾಲರಿಗಳ ಬೆನ್ನುಬಿದ್ದರು. ಗ್ಯಾಲರಿಯವರಿಗೆ ವೆಬ್ ಏನೆಂದೇ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಬೇಕೆನ್ನಿಸಲಿಲ್ಲ. ಕೊನೆಗೆ ಪುಕ್ಕಟೆ ಮಾಡಿಕೊಡುತ್ತೇವೆ ಎಂಬಲ್ಲಿಗೆ ಇಳಿದದ್ದಾಯಿತು. ಕೆಲವರು ಹೂಂ ಅಂದರು. ದುಡ್ಡು ಕೊಟ್ಟವರು ಒಬ್ಬರೂ ಇಲ್ಲ. ನ್ಯಾಯವಾಗಿ ನೋಡಿದರೆ ಗ್ಯಾಲರಿಯವರದ್ದು ಮೊಂಡುತನವೇನೂ ಆಗಿರಲಿಲ್ಲ. ಅವರ ವ್ಯಾಪಾರ ನಿಂತಿದ್ದು ಮುಖಪರಿಚಯದ ಮೇಲೆ. ಗೋಡೆಯ ಮೇಲಿನ ಚಿತ್ರಕ್ಕೆ ಬೆಲೆಯ ಚೀಟಿಯನ್ನೇ ಅಂಟಿಸದ ಜನ, ಊರಿಗೆಲ್ಲ ಕಾಣುವಂಥ ಪಟ್ಟಿಯನ್ನು ಯಾಕೆ ಬಯಸಿಯಾರು?

ಆರ್ಟಿಕ್ಸ್ ಹೀಗೆ ಮಕಾಡೆ ಮಲಗಿದ್ದಾಗ ಅಲ್ಲೊಂದು ಇಲ್ಲೊಂದು ಇಂಟರ್ನೆಟ್ ಅಂಗಡಿ ಕಾಣಿಸಿಕೊಳ್ಳತೊಡಗಿತು. ಗ್ರಹಾಂ ಅವನ್ನು ತೆರೆದು ನೋಡಿದರೆ ಎಲ್ಲವೂ ಪರಿಚಿತ. ಅದೇ ಸಾಲು ಚಿತ್ರಗಳು, ಅದೇ ವಿವರಗಳು. ಗ್ಯಾಲರಿಯ ಸೈಟಿಗೆ ಒಂದು ಆರ್ಡರ್ ಬಟನ್ ಸೇರಿಸಿದರೆ ಅಂಗಡಿಯೇ ಆಯಿತಲ್ಲ! ಯಾರಿಗೂ ಬೇಡವಾಗಿದ್ದ ಪ್ರೋಗ್ರಾಮಿಗೆ ಹೊಸ ಗಿರಾಕಿ ಸಿಗುವ ಸೂಚನೆ ಅದು. 1995ರ ಬೇಸಿಗೆಯಲ್ಲಿ, ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಗ್ಗೆ ಬರೆಯುತ್ತಿದ್ದ ಪುಸ್ತಕವನ್ನು ಪ್ರಕಾಶಕರಿಗೆ ಒಪ್ಪಿಸಿದ್ದೇ ತಡ, ಗ್ರಹಾಂ ಹಾರ್ವರ್ಡ್ ಇರುವ ಕೇಂಬ್ರಿಜಿನಲ್ಲಿ ಮಾರಿಸನ ಮನೆಯಲ್ಲಿ ಠಿಕಾಣಿ ಹೂಡಿದ.

ಅಲ್ಲಿ ಹೊಸ ತಲೆನೋವು. ಅಂಗಡಿಯವರು ತಾವೇ ಕೂತು ಸೈಟು ಕಟ್ಟಿಕೊಳ್ಳುವಂಥ ಸಾಫ್ಟ್‌ವೇರ್ ಮಾರಬೇಕೆಂದರೆ ಆಗಿನ ಕಾಲಕ್ಕೆ ಅದು ವಿಂಡೋಸಿನಲ್ಲಿ ಓಡಲೇಬೇಕು. ಇಬ್ಬರೂ ಯೂನಿಕ್ಸ್ ಎಂಬ ಬೇರೆಯೇ ವ್ಯವಸ್ಥೆಯಲ್ಲಿ ಬೆಳೆದವರು. ವಿಂಡೋಸಿಗೆ ಪ್ರೋಗ್ರಾಂ ಬರೆಯಲು ಬರುತ್ತಿರಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ. ಸದ್ಯಕ್ಕೆ ಯೂನಿಕ್ಸಿನಲ್ಲೇ ಒಂದು ಮಾದರಿ ಮಾಡಿ ನೋಡೋಣ ಎಂದು ಕೆಲಸ ಶುರುಮಾಡಿದರು. ಮಾರಿಸನ ಜೊತೆಗಾರ ಊರಲ್ಲಿಲ್ಲದ ದಿನಗಳಲ್ಲಿ ಗ್ರಹಾಂಗೆ ಅವನ ಕೋಣೆ ಸಿಗುತ್ತಿತ್ತು. ಅಲ್ಲಿ ಮಂಚವಿಲ್ಲ, ಹೊದಿಕೆಯಿಲ್ಲ, ನೆಲದ ಮೇಲೊಂದು ಬರೀ ಹಾಸಿಗೆ. ಒಂದು ಬೆಳಗ್ಗೆ ಅದರ ಮೇಲೆ ಬಿದ್ದುಕೊಂಡಿದ್ದವನು ದಿಗ್ಗನೆ ಎದ್ದು ಕೂತ. ಪ್ರೋಗ್ರಾಂ ಅಂಗಡಿಯವನ ಕಂಪ್ಯೂಟರಿನಲ್ಲಿ ಯಾಕಿರಬೇಕು? ಅದು ಸರ್ವರಿನಲ್ಲೇ ಓಡಲಿ, ಅಂಗಡಿಯವನು ಬ್ರೌಸರಿನಲ್ಲಿ ಲಿಂಕುಗಳನ್ನು ಒತ್ತಿ ಅದನ್ನು ನಡೆಸಲಿ! ಆಗ ವಿಂಡೋಸಿನ ಗೊಡವೆಯೇ ಇಲ್ಲ. ಕಲಿಯಲು ಒಲ್ಲದ ಸೋಮಾರಿತನ ಇಷ್ಟು ದೊಡ್ಡ ಫಲ ಕೊಟ್ಟ ಸಂದರ್ಭಗಳು ಅಪರೂಪ.

ಅದು ಆಗುಹೋಗುವ ಮಾತೇ ಎಂದು ಇಬ್ಬರಿಗೂ ಖಾತ್ರಿಯಿರಲಿಲ್ಲ. ಆಗಸ್ಟ್ 9ರಂದು ನೆಟ್‌ಸ್ಕೇಪ್ ಕಂಪನಿಯ ಷೇರು ಮಾರುಕಟ್ಟೆಗೆ ಬಂದು ಪತ್ರಿಕೆಗಳೆಲ್ಲ ಇಂಟರ್ನೆಟ್ ಜಪ ಶುರುಮಾಡಿದವು. ಮೂರು ದಿನ ಕಳೆದು, 12ರಂದು, ಇವರ ಮಾದರಿ ಉಸಿರಾಡಿತು. ನೋಡಲು ತೀರಾ ವಿಕಾರ, ಆದರೆ ಬ್ರೌಸರಿನೊಳಗೇ ಕೂತು ಇಡೀ ಅಂಗಡಿ ಕಟ್ಟಬಹುದಿತ್ತು. ವೆಬ್ಬಿನ ಮೂಲಕವೇ ನಡೆಯುವುದರಿಂದ ಅದಕ್ಕೆ ವಯಾವೆಬ್ ಎಂಬ ಹೆಸರು ಬಿತ್ತು.

ಇತ್ತ ಗ್ರಹಾಂ ಕೈಯಲ್ಲಿದ್ದ ಕಾಸಿಗಿಂತ ಸರಕಾರಕ್ಕೆ ಕಟ್ಟಬೇಕಾದ ತೆರಿಗೆಯ ಬಾಕಿಯೇ ಹೆಚ್ಚಿತ್ತು. ಇಡೆಲ್ ವೆಬರ್ ಅವರ ಪತಿ, ವಕೀಲ ಜೂಲಿಯನ್ ವೆಬರ್, 10,000 ಡಾಲರ್ ಕೊಟ್ಟು ಕಂಪನಿಯಲ್ಲಿ ಶೇಕಡ 10ರ ಪಾಲು ಪಡೆದರು. ಕಾಗದಪತ್ರದ ಕೆಲಸವನ್ನೂ ಅವರೇ ಮಾಡಿಕೊಟ್ಟರು. ಊಟಕ್ಕೆ ದಾರಿಯಾಯಿತು ಅನ್ನುವಷ್ಟರಲ್ಲಿ ಸೆಪ್ಟೆಂಬರಿನಲ್ಲಿ ಮಾರಿಸ್ ತಿರುಗಿಬಿದ್ದ. ಒಂದು ತಿಂಗಳಿಂದ ಬರೆಯುತ್ತಿದ್ದೇವೆ, ಇನ್ನೂ ಮುಗಿದಿಲ್ಲವಲ್ಲ ಎಂಬುದು ಅವನ ದೂರು. ಆ ಕೆಲಸ ಅವನನ್ನು ಇನ್ನೂ ಸುಮಾರು ಮೂರು ವರ್ಷ ಬಿಡಲಿಲ್ಲ ಎಂಬುದು ಬೇರೆ ಮಾತು. ಇನ್ನೊಬ್ಬ ಜಾಣನನ್ನು ಹುಡುಕು ಎಂದು ಗ್ರಹಾಂ ಅಂದಾಗ ಅವನು ಟ್ರೆವರ್ ಬ್ಲ್ಯಾಕ್‌ವೆಲ್ ಹೆಸರು ಹೇಳಿದ. ಗ್ರಹಾಂಗೆ ಅಚ್ಚರಿ. ಬದುಕಿನ ಸಮಸ್ತವನ್ನೂ ಒಂದು ಕಟ್ಟು ಚೀಟಿಗಳಿಗೆ ಇಳಿಸುತ್ತೇನೆಂದು ಆ ಕಟ್ಟನ್ನು ಹೊತ್ತು ತಿರುಗುತ್ತಿದ್ದ ಆಸಾಮಿ ಈತ! ಕೆಲಸಕ್ಕೆ ಕೂತ ಮೇಲೆ ಮಾತ್ರ ಟ್ರೆವರನ ವೇಗ ಭಯ ಹುಟ್ಟಿಸುವಂತಿತ್ತು. ಪುಟ ಕಟ್ಟುವ ಎಡಿಟರ್ ಗ್ರಹಾಂ ಪಾಲಿಗೆ, ಶಾಪಿಂಗ್ ಕಾರ್ಟ್ ಮಾರಿಸನಿಗೆ, ಆರ್ಡರುಗಳ ಲೆಕ್ಕಪತ್ರ ಟ್ರೆವರನಿಗೆ.

ಗಿರಾಕಿಗಳು? ಅಂಗಡಿಯವರನ್ನು ಕೇಳಿದರೆ, ಈ ಸಾಫ್ಟ್‌ವೇರ್ ಕಲಿಯುವ ಉಸಾಬರಿ ನಮಗೆ ಬೇಡ, ಬೇಕಿದ್ದರೆ ನೀವೇ ಮಾಡಿಕೊಡಿ ಎಂದವರೇ ಕೆಲವರು. ಯಾರು ಬೇಕಾದರೂ ತಾವೇ ಸೈಟು ಕಟ್ಟಿಕೊಳ್ಳುವ ಯಂತ್ರವನ್ನು ಕಂಡುಹಿಡಿದವರು ಕೂತು ಪೆಟ್ಟಿಗೆ, ಪೆನ್ನು, ಗಂಡಸರ ಅಂಗಿ ಮಾರುವವರಿಗೆ ಸೈಟು ಮಾಡಿಕೊಡಬೇಕಾಯಿತು. ಒಳಗೊಳಗೇ ಅವಮಾನ. ಆದರೂ ಇವರು ಇಲ್ಲವೆನ್ನಲಿಲ್ಲ. ಒಂದು ಅಂಗಿ ಅಂಗಡಿಗಾಗಿ ಗ್ರಹಾಂ ಸುಮಾರು 30 ಚಿತ್ರಗಳನ್ನು ಮುತುವರ್ಜಿಯಿಂದ ಸ್ಕ್ಯಾನ್ ಮಾಡಿದ. ಚಿತ್ರಕಾರನ ಕೈ, ಬಹಳ ಚೆಂದ ಬಂದವು. ಆಮೇಲೆ ಗೊತ್ತಾಯಿತು: ಆಗಿನ ಹೆಬ್ಬೆರಳಿನಷ್ಟು ಪುಟ್ಟ ಚಿತ್ರದಲ್ಲಿ ಇಡೀ ಅಂಗಿ ತೋರಿಸಿದರೆ ಏನೂ ತಿಳಿಯುವುದಿಲ್ಲ, ಕಾಲರಿನ ಭಾಗವನ್ನು ಹತ್ತಿರದಿಂದ ತೋರಿಸಬೇಕು. ಅಷ್ಟನ್ನೂ ಮತ್ತೆ ಸ್ಕ್ಯಾನ್ ಮಾಡಿದ. ಹೀಗೆ ಯಾರದೋ ಸೈಟು ಕಟ್ಟುತ್ತಿರುವಾಗ ನಡುವೆ ಒಂದು ಸೌಲಭ್ಯ ಇಲ್ಲವೆಂದು ತಿಳಿಯುತ್ತಿತ್ತು. ಒಂದೆರಡು ಗಂಟೆ ಕೂತು ಅದನ್ನು ಬರೆದು ಸೇರಿಸಿ, ಬಿಟ್ಟ ಕೆಲಸ ಮುಂದುವರಿಸುತ್ತಿದ್ದ. ದುಡಿಮೆಯೂ ಅದೇ, ಪಾಠಶಾಲೆಯೂ ಅದೇ.

1996ರ ಜನವರಿಯಲ್ಲಿ 6 ಅಂಗಡಿಗಳೊಂದಿಗೆ ವಯಾವೆಬ್ ಬಾಗಿಲು ತೆರೆಯಿತು. ಸಣ್ಣ ಅಂಗಡಿಗೆ ತಿಂಗಳಿಗೆ 100 ಡಾಲರ್, ದೊಡ್ಡದಕ್ಕೆ 300. ಕಂಪನಿಗಳು ಇಂಥದ್ದಕ್ಕೆ ಎಷ್ಟು ಸುರಿಯುತ್ತವೆಂದು ಇವರಿಗೆ ಗೊತ್ತೇ ಇರಲಿಲ್ಲ. ಆ ಅಜ್ಞಾನದ ಅಗ್ಗವೇ ಜನರನ್ನು ಎಳೆದು ತಂದಿತು. ಆ ವರ್ಷದ ಕೊನೆಗೆ 70ರಷ್ಟು ಅಂಗಡಿಗಳು, ಮರುವರ್ಷದ ಕೊನೆಗೆ 500ರಷ್ಟು. 1998ರಲ್ಲಿ ಯಾಹೂ ಸುಮಾರು 4.9 ಕೋಟಿ ಡಾಲರ್ ಬೆಲೆಯ ಷೇರು ಕೊಟ್ಟು ಕಂಪನಿಯನ್ನು ಕೊಂಡು ಯಾಹೂ ಸ್ಟೋರ್ ಎಂದು ಹೆಸರಿಟ್ಟಿತು.

ಅಷ್ಟಕ್ಕೂ ಬ್ರೌಸರಿನಿಂದಲೇ ಪ್ರೋಗ್ರಾಂ ನಡೆಸುವ ಆ ಉಪಾಯ ಕೆಲಸ ಮಾಡಿದ್ದು ಹೇಗೆ? ವೆಬ್ ಸರ್ವರಿನ ಸ್ವಭಾವವೇ ಮರೆವು. ಬ್ರೌಸರು ಕೇಳಿದ ಪುಟವನ್ನು ಕಳಿಸಿ, ಕೇಳಿದವರು ಯಾರೆಂಬುದನ್ನೇ ಅದು ಮರೆತುಬಿಡುತ್ತದೆ. ಹೆಜ್ಜೆಹೆಜ್ಜೆಯಾಗಿ ನಡೆಯುವ ಕೆಲಸಕ್ಕೆ ಇಂಥ ಮರೆವು ಆಗದು. ಎಡಿಟರ್ ಬರೆದ ಲಿಸ್ಪ್ ಭಾಷೆಯಲ್ಲಿ ಪ್ರೋಗ್ರಾಮಿನ ತುಣುಕನ್ನೂ ಒಂದು ಮಾಹಿತಿಯಂತೆ ಎತ್ತಿಡಬಹುದು. ಹಾಗಾಗಿ ಗ್ರಹಾಂ ಪ್ರತಿ ಲಿಂಕಿಗೂ, ಅದನ್ನು ಒತ್ತಿದರೆ ಮುಂದೇನು ಮಾಡಬೇಕು ಎಂಬ ತುಣುಕನ್ನು ಸರ್ವರಿನಲ್ಲಿ ಕಾಯಲು ಕೂರಿಸಿದ. ಅಂಗಡಿಯವನು ಲಿಂಕು ಒತ್ತಿದಾಗ ಆ ತುಣುಕು ಎದ್ದು, ನಿಂತಲ್ಲಿಂದಲೇ ಕೆಲಸ ಮುಂದುವರಿಸಿ, ಹೊಸ ಪುಟ ಕಟ್ಟಿ ಕಳಿಸುತ್ತಿತ್ತು. ಪ್ರೋಗ್ರಾಂ ಒಂದೇ ಕಡೆ ಇದ್ದುದರಿಂದ ತಪ್ಪು ತಿದ್ದಿದರೆ ಎಲ್ಲ ಅಂಗಡಿಗಳಿಗೂ ಒಟ್ಟಿಗೇ ತಿದ್ದಿದಂತೆ. ಗಿರಾಕಿಯ ಕಂಪ್ಯೂಟರಿನಲ್ಲಿ ಒಂದು ಬ್ರೌಸರ್ ಬಿಟ್ಟರೆ ಬೇರೇನೂ ಬೇಕಿರಲಿಲ್ಲ.