ಪೂರ್ವಪಕ್ಷದ ಪಾಠ: ಶೃಂಗೇರಿಯ ವಾಕ್ಯಾರ್ಥ ಸಭೆ ಮತ್ತು ನಮ್ಮ ಸ್ನಾತಕೋತ್ತರ ಕಾರ್ಯಾಗಾರಗಳು

ದೈವಶಾಸ್ತ್ರದಲ್ಲಿ ಲೈಸೆನ್ಶಿಯೇಟ್ ಅಥವಾ ಡಾಕ್ಟರೇಟ್ ಪದವಿಗಾಗಿ ಅಧ್ಯಯನ ಮಾಡುತ್ತಿರುವವರ ನೆರವಿಗೆಂದು ನಮ್ಮ ಗುರುಮಠಗಳಲ್ಲಿಯೂ ವಿದ್ಯಾಪೀಠಗಳಲ್ಲಿಯೂ ಈಚೆಗೆ ಕಾರ್ಯಾಗಾರಗಳು ಹೆಚ್ಚಾಗಿ ನಡೆಯುತ್ತಿವೆ. ಸಂಶೋಧನಾ ವಿಧಾನ, ಅಡಿಟಿಪ್ಪಣಿಯ ಕ್ರಮ, ಗ್ರಂಥಸೂಚಿಯ ರಚನೆ, ಪ್ರಬಂಧ ಮಂಡನೆ ಇವೆಲ್ಲವೂ ಅಲ್ಲಿ ಕಲಿಸಲ್ಪಡುತ್ತವೆ, ಇವೆಲ್ಲವೂ ಬೇಕಾದವುಗಳೇ. ಆದರೆ ಅಂತಹ ಒಂದು ಕಾರ್ಯಾಗಾರದಲ್ಲಿ ನಾವು ಕಂಡ ಸಂಗತಿಯೊಂದು ಮನಸ್ಸಿನಲ್ಲಿ ಉಳಿದಿದೆ. ಒಂದೇ ಮಧ್ಯಾಹ್ನ ಏಳು ಮಂದಿ ತಮ್ಮ ಪ್ರಬಂಧಗಳನ್ನು ಓದಿದರು. ಪ್ರತಿಯೊಂದರ ಕೊನೆಯಲ್ಲಿ ಚಪ್ಪಾಳೆಯಾಯಿತು. ಸಮಯವಿಲ್ಲವೆಂದು ಪ್ರಶ್ನೆಗಳನ್ನು ಕೈಬಿಡಲಾಯಿತು. ಸಂಜೆ ಎಲ್ಲರಿಗೂ ಪ್ರಮಾಣಪತ್ರ ದೊರೆಯಿತು. ಓದಿದವರಲ್ಲಿ ಒಬ್ಬರು ಹೊರಗೆ ಬಂದು, "ಫಾದರ್, ನಾನು ಹೇಳಿದ್ದು ಸರಿಯೋ ತಪ್ಪೋ, ಯಾರೂ ಹೇಳಲಿಲ್ಲವಲ್ಲ" ಎಂದರು. ಆ ಮಾತಿನಲ್ಲಿದ್ದುದು ದೂರಲ್ಲ, ಒಂಟಿತನ. ಉನ್ನತ ಅಧ್ಯಯನ ಮಾಡುವವನಿಗೆ ಸಭೆಯೊಂದು ನೀಡಬಹುದಾದ ನಿಜವಾದ ನೆರವು ಯಾವುದು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸುತ್ತೇವೆ.

ಇದಕ್ಕೆ ಉತ್ತರವನ್ನು ಹುಡುಕಲು ನಾವು ಬಹುದೂರ ಹೋಗಬೇಕಾಗಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳು ಅಡಿಕೆ ಕಾಫಿಗಳ ಸೀಮೆಯೆಂದೇ ಹೆಸರಾಗಿದ್ದರೂ, ಅವು ಶಾಸ್ತ್ರಗಳ ಸೀಮೆಯೂ ಹೌದು. ತುಂಗಾತೀರದ ಶೃಂಗೇರಿಯಲ್ಲಿ ಅದ್ವೈತದ ಶಾರದಾಪೀಠವಿದೆ. ಕೊಪ್ಪ ತಾಲ್ಲೂಕಿನ ಹರಿಹರಪುರದಲ್ಲಿ ಮತ್ತೊಂದು ಮಠವಿದೆ. ನರಸಿಂಹರಾಜಪುರ ತಾಲ್ಲೂಕಿನಲ್ಲಿ, ಭದ್ರಾತೀರದ ಬಾಳೆಹೊನ್ನೂರಿನಲ್ಲಿ ವೀರಶೈವರ ರಂಭಾಪುರಿ ಪೀಠವೂ ಸಿಂಹನಗದ್ದೆಯಲ್ಲಿ ಜೈನರ ಮಠವೂ ಇವೆ. ಇವುಗಳ ನಡುವೆಯೇ ನಮ್ಮ ದೇವಾಲಯಗಳೂ ಇವೆ. 1963ರಲ್ಲಿ ಸ್ಥಾಪಿತವಾದ ಚಿಕ್ಕಮಗಳೂರು ಧರ್ಮಕ್ಷೇತ್ರದ ವಿಶ್ವಾಸಿಗಳೂ, ಕೇರಳದಿಂದ ಬಂದು ನೆಲೆಸಿದ ಸಿರಿಯನ್ ಪರಂಪರೆಯ ಕುಟುಂಬಗಳೂ ಇಲ್ಲಿ ಬಾಳುತ್ತಿದ್ದಾರೆ. ಈ ಸೀಮೆಗೆ ನೇಮಕಗೊಳ್ಳುವ ಯುವ ಗುರುವಿನ ನೆರೆಹೊರೆಯಲ್ಲಿ ತರ್ಕ ವೇದಾಂತಗಳನ್ನು ಕ್ರಮವಾಗಿ ಓದಿದವರು ಇರುತ್ತಾರೆ. ಶೃಂಗೇರಿಯಲ್ಲಿ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ್ ಗಾಂಧಿ ಪರಿಸರವಿದ್ದು, ನ್ಯಾಯ, ವ್ಯಾಕರಣ, ವೇದಾಂತಾದಿ ಶಾಸ್ತ್ರಗಳಲ್ಲಿ ಆಚಾರ್ಯ ಪದವಿಗೂ ವಿದ್ಯಾವಾರಿಧಿಗೂ, ಅಂದರೆ ಸ್ನಾತಕೋತ್ತರ ಪದವಿಗೂ ಡಾಕ್ಟರೇಟಿಗೂ, ವಿದ್ಯಾರ್ಥಿಗಳು ಅಲ್ಲಿ ಓದುತ್ತಾರೆ.

ಪ್ರತಿ ವರ್ಷ ಭಾದ್ರಪದ ಮಾಸದಲ್ಲಿ, ಗಣೇಶ ಚತುರ್ಥಿಯ ಸಂದರ್ಭದಲ್ಲಿ, ಶೃಂಗೇರಿಯಲ್ಲಿ ಮಹಾಗಣಪತಿ ವಾಕ್ಯಾರ್ಥ ವಿದ್ವತ್ಸಭೆ ಸೇರುತ್ತದೆ. ದೇಶದ ಬೇರೆ ಬೇರೆ ಭಾಗಗಳ ವಿದ್ವಾಂಸರು ಅಲ್ಲಿಗೆ ಬರುತ್ತಾರೆ. ಪೀಠಾಧಿಪತಿಗಳ ಸಮ್ಮುಖದಲ್ಲಿ ವಿದ್ವಾಂಸನೊಬ್ಬನು ಶಾಸ್ತ್ರದ ಒಂದು ವಿಷಯವನ್ನು ಎತ್ತಿಕೊಂಡು ಸಂಸ್ಕೃತದಲ್ಲಿ ಪ್ರತಿಪಾದಿಸುತ್ತಾನೆ. ಉಳಿದವರು ಆಕ್ಷೇಪಿಸುತ್ತಾರೆ, ಅವನು ಸಮಾಧಾನ ಹೇಳಬೇಕು. ಇಲ್ಲಿ ಗಮನಿಸಬೇಕಾದ ಅಂಶವಿದು: ಪ್ರತಿಪಾದನೆಯು ಸಭೆಯ ಆರಂಭ ಮಾತ್ರ, ಸಭೆ ಸೇರುವುದು ಅದರ ಮುಂದಿನ ಭಾಗಕ್ಕಾಗಿ. ಆಕ್ಷೇಪವಿಲ್ಲದೆ ಮುಗಿದ ವಾಕ್ಯಾರ್ಥವು ವಾಕ್ಯಾರ್ಥವೇ ಅಲ್ಲ.

ಈ ಪದ್ಧತಿಯ ಬೆನ್ನೆಲುಬು ಮೀಮಾಂಸಕರು ರೂಪಿಸಿ ವೇದಾಂತಿಗಳೂ ಸ್ವೀಕರಿಸಿದ 'ಅಧಿಕರಣ'ದ ರಚನೆ. ಅದಕ್ಕೆ ಐದು ಅಂಗಗಳು: ವಿಚಾರಕ್ಕೆ ಬಂದ ವಿಷಯ, ಅದರಲ್ಲಿ ಹುಟ್ಟುವ ಸಂಶಯ, ಎದುರಾಳಿಯ ವಾದವಾದ ಪೂರ್ವಪಕ್ಷ, ನಿರ್ಣಯವಾದ ಸಿದ್ಧಾಂತ, ಹಿಂದುಮುಂದಿನ ವಿಚಾರಗಳೊಡನೆ ಅದಕ್ಕಿರುವ ಸಂಗತಿ. ಸಿದ್ಧಾಂತಕ್ಕಿಂತ ಮೊದಲು ಪೂರ್ವಪಕ್ಷ ಬರುತ್ತದೆ. ಎದುರಾಳಿಯ ಮಾತನ್ನು ಅವನು ಒಪ್ಪುವಷ್ಟು ಬಲವಾಗಿ ಹೇಳಲಾರದವನಿಗೆ ಅದನ್ನು ಖಂಡಿಸುವ ಅಧಿಕಾರವೂ ಇಲ್ಲ.

ನಮ್ಮ ದೈವಶಾಸ್ತ್ರ ಪರಂಪರೆಗೆ ಇದು ಹೊಸದಲ್ಲ. 13ನೆಯ ಶತಮಾನದ ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ಆಚಾರ್ಯನ ಕರ್ತವ್ಯಗಳು ಮೂರು: ಪವಿತ್ರ ಗ್ರಂಥದ ವ್ಯಾಖ್ಯಾನ, ವಾದ, ಬೋಧನೆ. ವಾದದ ದಿನ ಆಚಾರ್ಯನು ಪ್ರಶ್ನೆಯನ್ನು ನಿಗದಿಪಡಿಸುತ್ತಿದ್ದನು. ಸಭೆಯಿಂದ ಬಂದ ಆಕ್ಷೇಪಗಳಿಗೆ ಉತ್ತರಿಸುವ ಭಾರ ಅವನ ಕೈಕೆಳಗಿನ ಉನ್ನತ ವಿದ್ಯಾರ್ಥಿಯ ಮೇಲೆ ಬೀಳುತ್ತಿತ್ತು. ಅನಂತರದ ಅಧಿವೇಶನದಲ್ಲಿ ಆಚಾರ್ಯನೇ ಎಲ್ಲವನ್ನೂ ಕ್ರಮಪಡಿಸಿ ನಿರ್ಣಯ ನೀಡುತ್ತಿದ್ದನು. ಆಗಮನ ಕಾಲದಲ್ಲಿಯೂ ತಪಸ್ಸು ಕಾಲದಲ್ಲಿಯೂ ನಡೆಯುತ್ತಿದ್ದ ವಿಶೇಷ ವಾದಗಳಲ್ಲಿ ಯಾರು ಬೇಕಾದರೂ ಯಾವ ವಿಷಯವನ್ನಾದರೂ ಕೇಳಬಹುದಾಗಿತ್ತು. ಸಂತ ಥಾಮಸ್ ಅಕ್ವಿನಾಸರ 'ಸುಮ್ಮ ಥಿಯೋಲಾಜಿಯೆ'ಯ ಪ್ರತಿ ಪ್ರಕರಣವೂ ಆಕ್ಷೇಪಗಳಿಂದಲೇ ಆರಂಭವಾಗುವುದು ಈ ಸಭೆಗಳ ನೆನಪಿನಿಂದ. 'ಲೈಸೆನ್ಶಿಯೇಟ್' ಎಂಬ ಪದಕ್ಕೆ ಮೂಲದಲ್ಲಿ ಬೋಧಿಸುವ ಅನುಮತಿ ಎಂದೇ ಅರ್ಥ. ಉತ್ತರಿಸಲು ಕಲಿತವನಿಗೆ ಆ ಅನುಮತಿ ದೊರೆಯುತ್ತಿತ್ತು.

ಎರಡು ಪರಂಪರೆಗಳು ಪರಸ್ಪರ ಅರಿಯದೆಯೇ ಎಷ್ಟು ಹತ್ತಿರ ಬರುತ್ತವೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಕೊಪ್ಪದ ಕಡೆಯ ಅಧ್ಯಾಪಕರೊಬ್ಬರು ಅಲ್ಲಿನ ಗುರುವನ್ನು ಹೀಗೆ ಕೇಳಿದರೆನ್ನೋಣ: "ನಿಮ್ಮ ದೇವರು ಪರಿಪೂರ್ಣನಾದರೆ ಅವನಿಗೆ ಬೇಕಾದದ್ದು ಏನೂ ಇಲ್ಲ. ಏನೂ ಬೇಡದವನು ಲೋಕವನ್ನೇಕೆ ಸೃಷ್ಟಿಸಿದ?" ಇದು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ, 32ನೆಯ ಸೂತ್ರದಲ್ಲಿ ಬರುವ ಪೂರ್ವಪಕ್ಷ. ಸುಮ್ಮದ ಮೊದಲ ಭಾಗದ 44ನೆಯ ಪ್ರಶ್ನೆಯ 4ನೆಯ ಪ್ರಕರಣದ ಮೊದಲ ಆಕ್ಷೇಪವೂ ಹೆಚ್ಚುಕಡಿಮೆ ಇದೇ: ಗುರಿಯಿಟ್ಟು ಮಾಡುವುದು ಕೊರತೆಯುಳ್ಳವನ ಲಕ್ಷಣ, ದೇವರಿಗೆ ಕೊರತೆಯಿಲ್ಲ. ಉತ್ತರದಲ್ಲಿ ದಾರಿಗಳು ಕವಲೊಡೆಯುತ್ತವೆ. ಮುಂದಿನ ಸೂತ್ರವು ಸೃಷ್ಟಿಯನ್ನು ಲೀಲೆಯೆನ್ನುತ್ತದೆ. ದೇವರು ಪಡೆಯುವುದಕ್ಕಾಗಿ ಅಲ್ಲ, ತನ್ನ ಒಳಿತನ್ನು ಹಂಚಿಕೊಳ್ಳುವುದಕ್ಕಾಗಿ ಸೃಷ್ಟಿಸುತ್ತಾನೆ. ಆದುದರಿಂದ ಸಂಪೂರ್ಣ ಅರ್ಥದಲ್ಲಿ ಉದಾರಿ ಅವನೊಬ್ಬನೇ ಎಂಬುದು ಸಂತ ಥಾಮಸರ ಸಮಾಧಾನ. ಲೀಲೆಗೂ ಔದಾರ್ಯಕ್ಕೂ ಇರುವ ಸಾಮ್ಯವೇನು, ಭೇದವೇನು? ಕೊರತೆಯಿಂದ ಹುಟ್ಟದ ಕ್ರಿಯೆಯೆಂಬಲ್ಲಿ ಇವೆರಡೂ ಕೂಡುತ್ತವೆ. ಸೃಷ್ಟಿಯು ತನ್ನಿಂದ ಬೇರೆಯಾದ ಒಬ್ಬರಿಗೆ ಕೊಟ್ಟ ಕೊಡುಗೆಯೇ ಎಂಬಲ್ಲಿ ಅಗಲುತ್ತವೆ. ಈ ವಿವೇಚನೆಯು ನಮ್ಮ ವಿದ್ಯಾರ್ಥಿಗೆ ಪುಸ್ತಕದಿಂದ ಮಾತ್ರ ಬರುವುದಿಲ್ಲ. ಎದುರಿಗೆ ಕೇಳುವವನೊಬ್ಬನಿರಬೇಕು.

ಹೀಗೆ ಕೇಳಿಸಿಕೊಂಡು ಓದಿದವರು ನಮ್ಮಲ್ಲಿಯೂ ಇದ್ದಾರೆ. ಯೇಸುಸಭೆಯ ಫಾದರ್ ರಿಚರ್ಡ್ ಡಿ ಸ್ಮೆಟ್ (1916–1997) ಶಂಕರಾಚಾರ್ಯರ ದೈವಶಾಸ್ತ್ರೀಯ ವಿಧಾನವನ್ನು ಕುರಿತ ತಮ್ಮ ಡಾಕ್ಟರೇಟ್ ಪ್ರಬಂಧವನ್ನು 1953ರಲ್ಲಿ ರೋಮಿನ ಗ್ರೆಗೋರಿಯನ್ ವಿಶ್ವವಿದ್ಯಾಲಯದಲ್ಲಿ ಪೂರೈಸಿ, ಪುಣೆಯಲ್ಲಿ ದೀರ್ಘಕಾಲ ಬೋಧಿಸಿದರು. ಶಂಕರರನ್ನು ಕೇವಲ ತತ್ತ್ವಜ್ಞಾನಿಯೆಂದಲ್ಲ, ಶ್ರುತಿಯನ್ನು ವ್ಯಾಖ್ಯಾನಿಸುವ ದೈವಶಾಸ್ತ್ರಜ್ಞರೆಂದು ಅವರು ಓದಿದರು. ಎದುರಿನವರನ್ನು ಅವರ ನೆಲೆಯಲ್ಲಿಯೇ ಅರಿಯುವುದೆಂದರೆ ಇದು.

ಇಲ್ಲಿ ಒಂದು ಆಕ್ಷೇಪಕ್ಕೆ ನಾವೂ ಉತ್ತರಿಸಬೇಕು. ವಿಶ್ವಾಸವು ದೇವರ ಕೊಡುಗೆ. ಅದನ್ನು ವಾದಕ್ಕೆ ಒಡ್ಡುವುದು ಸಲ್ಲದು, ವಾದವು ಅಹಂಕಾರವನ್ನು ಬೆಳೆಸುತ್ತದೆ ಎಂದು ಹೇಳುವವರಿದ್ದಾರೆ. ಇದರಲ್ಲಿ ಸತ್ಯವಿದೆ. ನೈಯಾಯಿಕರು ಇದನ್ನರಿತೇ ಮೂರು ಬಗೆಯ ಚರ್ಚೆಗಳನ್ನು ಬೇರ್ಪಡಿಸಿದರು: ಸತ್ಯಕ್ಕಾಗಿ ನಡೆಯುವುದು ವಾದ, ಗೆಲುವಿಗಾಗಿ ನಡೆಯುವುದು ಜಲ್ಪ, ತನ್ನದೆಂಬ ಪಕ್ಷವಿಲ್ಲದೆ ಎದುರಿನವನನ್ನು ಕೆಡಹುವುದಷ್ಟೇ ವಿತಂಡ. ಶಂಕರರಿಗೂ ಮಂಡನಮಿಶ್ರರಿಗೂ ವಾದ ನಡೆದಾಗ ತೀರ್ಪುಗಾರ್ತಿಯಾದ ಉಭಯಭಾರತಿಯು ಇಬ್ಬರಿಗೂ ಹೂಮಾಲೆ ತೊಡಿಸಿದಳೆಂದೂ, ಮಾಲೆ ಬಾಡಿದವನು ಸೋತಂತೆ ಎಂದಳೆಂದೂ ಸಂಪ್ರದಾಯವು ಹೇಳುತ್ತದೆ. ಒಳಗಿನ ತಾಪವು ಸೋಲಿನ ಗುರುತು ಎಂಬುದು ನಮಗೂ ಒಪ್ಪುವ ಮಾತೇ. ಪೇತ್ರನ ಮೊದಲ ಪತ್ರವು (3:15) ನಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಬೇಕೆಂದು ಹೇಳುವಾಗ, ಅದು ಸೌಮ್ಯತೆಯಿಂದ ಆಗಬೇಕೆಂಬುದನ್ನೂ ಸೇರಿಸುತ್ತದೆ. ವಿಶ್ವಾಸವನ್ನು ವಾದದಿಂದ ಗಳಿಸಲಾಗದು. ಆದರೆ ವಿಶ್ವಾಸದ ಕುರಿತ ನಮ್ಮ ಮಾತು ತಪ್ಪಾಗಿರಬಹುದು, ಅದನ್ನು ತಿದ್ದುವವರು ಬೇಕು. ಬಾಲ ಯೇಸುವು ಮಹಾದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಕೇಳುತ್ತಲೂ ಪ್ರಶ್ನಿಸುತ್ತಲೂ ಇದ್ದರೆಂದು ಸಂತ ಲೂಕನು ಬರೆದಿರುವುದನ್ನು (2:46) ನಾವು ಮರೆಯಬಾರದು.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ, ಗುರುಗಳ ತರಬೇತಿಯನ್ನು ಕುರಿತ ಆದೇಶಪತ್ರವು ಉಪನ್ಯಾಸಗಳೊಂದಿಗೆ ಚರ್ಚೆ, ವಿಚಾರಗೋಷ್ಠಿ, ಸಣ್ಣ ಗುಂಪುಗಳ ಅಧ್ಯಯನ ಇವುಗಳ ವಿಧಾನವನ್ನೂ ಪರಿಷ್ಕರಿಸಬೇಕೆಂದಿತು. ಅನ್ಯಧರ್ಮಗಳನ್ನು ಕುರಿತ ಪ್ರಕಟಣೆಯೂ ಅದೇ ದಿನ ಹೊರಬಂದಿತು. ಪೋಪ್ ಫ್ರಾನ್ಸಿಸ್‌ರವರ 2017ರ 'ವೆರಿತಾತಿಸ್ ಗೌದಿಯುಂ' ಸಂವಾದವನ್ನು ಉನ್ನತ ಧಾರ್ಮಿಕ ಅಧ್ಯಯನಗಳ ಮಾನದಂಡಗಳಲ್ಲಿ ಒಂದೆಂದು ಎಣಿಸಿದೆ. ಆದೇಶಗಳಿಗೆ ಕೊರತೆಯಿಲ್ಲ, ಕೊರತೆಯಿರುವುದು ನಮ್ಮ ವೇಳಾಪಟ್ಟಿಯಲ್ಲಿ.

ಆದುದರಿಂದ ನಮ್ಮ ಕಾರ್ಯಾಗಾರಗಳಿಗೆ ನಾಲ್ಕು ಸೂಚನೆಗಳನ್ನು ಮುಂದಿಡುತ್ತೇವೆ. ಮೊದಲನೆಯದಾಗಿ, ಒಂದು ಅಧಿವೇಶನಕ್ಕೆ ಒಬ್ಬನೇ ವಿದ್ಯಾರ್ಥಿ, ಒಂದೇ ಪ್ರಶ್ನೆ. ಬರಹವು ವಾರ ಮೊದಲೇ ಎಲ್ಲರ ಕೈಸೇರಲಿ, ಸಭೆಯಲ್ಲಿ ಓದುವ ಅಗತ್ಯವೇ ಬೀಳದಿರಲಿ. ಎರಡನೆಯದಾಗಿ, ಸಹಪಾಠಿಯೊಬ್ಬನಿಗೆ ಪೂರ್ವಪಕ್ಷದ ಹೊಣೆ ಕೊಡೋಣ. ಉತ್ತರಿಸುವವನು ಆ ಆಕ್ಷೇಪವನ್ನು ತನ್ನ ಮಾತಿನಲ್ಲಿ ಮರಳಿ ಹೇಳಿ, ಕೇಳಿದವನಿಂದ "ಹೌದು, ನಾನು ಹೇಳಿದ್ದು ಅದನ್ನೇ" ಎನ್ನಿಸಿಕೊಂಡ ಮೇಲಷ್ಟೇ ಮುಂದುವರಿಯಲಿ. ಮೂರನೆಯದಾಗಿ, ಮಾರ್ಗದರ್ಶಕರು ಅಂದೇ ತೀರ್ಪು ಕೊಡದೆ, ಒಂದೆರಡು ದಿನ ಬಿಟ್ಟು, ವಿದ್ಯಾರ್ಥಿಯು ತಿದ್ದಿ ಬರೆದುದನ್ನು ನೋಡಿ ನಿರ್ಣಯ ಹೇಳಲಿ. ನಾಲ್ಕನೆಯದಾಗಿ, ಪ್ರಬಂಧವನ್ನು ಯಾವ ಭಾಷೆಯಲ್ಲಿ ಬರೆದಿದ್ದರೂ, ಕಾಲು ಗಂಟೆಯಷ್ಟು ಅದರ ಸಾರವನ್ನು ಕನ್ನಡದಲ್ಲಿ ಹೇಳಿ, ಕನ್ನಡದಲ್ಲಿಯೇ ಪ್ರಶ್ನೆಗಳನ್ನು ಎದುರಿಸಲಿ. ನಾಳೆ ನರಸಿಂಹರಾಜಪುರದ ಜನರಿಗೆ ಅವನು ಬೋಧಿಸುವುದು ಅಡಿಟಿಪ್ಪಣಿಗಳ ಭಾಷೆಯಲ್ಲಿ ಅಲ್ಲ.

ಇದಕ್ಕೆ ಹಣ ಹೆಚ್ಚು ಬೇಕಾಗಿಲ್ಲ, ಕಾಲ ಬೇಕು. ಏಳು ಪ್ರಬಂಧಗಳ ಜಾಗದಲ್ಲಿ ಒಂದನ್ನೋ ಎರಡನ್ನೋ ಇಟ್ಟುಕೊಳ್ಳುವ ಧೈರ್ಯ ಬೇಕು. ಸರಿಯೋ ತಪ್ಪೋ ಎಂದು ಯಾರೂ ಹೇಳಲಿಲ್ಲವೆಂದ ಆ ವಿದ್ಯಾರ್ಥಿಗೆ ನಾವು ಸಲ್ಲಿಸಬೇಕಾದ ಋಣ ಪ್ರಮಾಣಪತ್ರವಲ್ಲ. ಅವನ ಮಾತನ್ನು ಕೊನೆಯವರೆಗೆ ಕೇಳಿ, "ಇಲ್ಲಿ ನಮಗೆ ಒಂದು ಸಂಶಯವಿದೆ" ಎಂದು ಆರಂಭಿಸುವ ಸಹೋದರರ ಸಭೆಯನ್ನು ಅವನಿಗೆ ಕೊಡುವುದೇ ಆ ಋಣ.