ಜಪಾನೀ ಹಾಸ್ಯಪಟದಲ್ಲಿ ಶಬ್ದಚಮತ್ಕಾರ

ಎದೋ ಎಂಬ ಈಗಿನ ಟೋಕಿಯೋ ನಗರದಿಂದ ಕ್ಯೋಟೋವಿಗೆ ಹೋಗುವ ತೋಕಾಯ್ದೋ ಹೆದ್ದಾರಿಯಲ್ಲಿ ಪಯಣಿಗರಿಗಾಗಿ ೫೩ ತಂಗುದಾಣಗಳಿದ್ದುವು. ಅವುಗಳಲ್ಲೊಂದಾದ ಓಯಿಸೋವಿನ ಮಳೆಯು, ೧೧೯೩ರಲ್ಲಿ ಹತನಾದ ಸೋಗಾ ಜೂರೋವಿಗಾಗಿ ಅವನ ಪ್ರೇಯಸಿ ತೋರಾ ಸುರಿಸಿದ ಕಣ್ಣೀರೆಂದು ಐತಿಹ್ಯ. ಹಿರೋಶಿಗೆ ಎಂಬ ಚಿತ್ರಕಾರನು ಸುಮಾರು ೧೮೩೩ರ ಮರದಚ್ಚಿನ ಪಟದಲ್ಲಿ ಆ ಮಳೆಯನ್ನೇ ಬರೆದನು. ಕುನಿಯೋಶಿಯಾದರೋ (೧೭೯೭-೧೮೬೧), ತಂಗುದಾಣಗಳನ್ನೆಲ್ಲ ಬೆಕ್ಕುಗಳಾಗಿ ಮಾಡಿದ ಸುಮಾರು ೧೮೫೦ರ ಹಾಸ್ಯಪಟದಲ್ಲಿ, ಓಯಿಸೋವಿಗೆ ಬದಲಾಗಿ ಆಕ್ಟೋಪಸ್ಸನ್ನು ಎಳೆಯುವ ಬೆಕ್ಕನ್ನಿಟ್ಟನು: 'ಓಮೋಯಿ ಜೋ' ಎಂದರೆ 'ಬಲು ಭಾರ'! ಜಪಾನೀಯರು ಇದನ್ನು 'ಜಿಗುಚಿ' ಎನ್ನುವರು. ಇದು ನಮ್ಮ ಶ್ಲೇಷವಲ್ಲ. ಶ್ಲೇಷದಲ್ಲಿ ಉಚ್ಚಾರಣೆ ಒಂದೇ ಆಗಿದ್ದು ಅರ್ಥವು ಎರಡಾಗುವುದು, ಇಲ್ಲಿ ಉಚ್ಚಾರಣೆಯೇ ತುಸು ಜಾರುವುದು. ಅದನ್ನು ಕೇಳದವನಿಗೆ ಕಾಣುವುದು ಬರಿಯ ಬೆಕ್ಕು. ಶೋಕದ ಊರು ನಗೆಯ ಊರಾದುದು ಕಾಣದು. ಆದುದರಿಂದ ಊರ ಹೆಸರನ್ನು ಬಾಯಿಟ್ಟು ನುಡಿಯುವುದೇ ಇಂತಹ ಪಟಕ್ಕೆ ಮೊದಲ ವ್ಯಾಖ್ಯಾನವು.